ಹಾಜರಿ ಅಲ್ಲ, ಪರಿಶೀಲನೆ

ಸರ್ವೇಯರ್: ನನ್ನ ಹೆಸರು ಹೊಡೆದು ಹಾಕಿ ಅಂದ್ರೆ ಹೊಡೆದು ಹಾಕಿ. ಇದಕ್ಕೆ ಅರ್ಧ ಗಂಟೆ ವಾದ ಯಾಕಮ್ಮ?

ಸಂಯೋಜಕಿ: ಆರು ವಾರ ತಪ್ಪದೆ ಬಂದಿದ್ದೀರಲ್ಲ ಸಾರ್!

ಸರ್ವೇಯರ್: ಬಂದದ್ದು ನಿಜ. ಸೇರಿದ್ದು ಸುಳ್ಳು.

ಮೂವತ್ತೆರಡು ವರ್ಷ ಜಮೀನು ಅಳೆದು ನಿವೃತ್ತರಾದ ಸರ್ವೇಯರರು ಸಮುದಾಯ ಕೇಂದ್ರದ ಹಾಜರಿ ಪುಸ್ತಕದ ಮೇಲೆ ಬೆರಳೂರಿ ನಿಂತಿದ್ದರು. ಪುಟದ ನೆತ್ತಿಯಲ್ಲಿ ‘ಮನಸ್ಸಿನ ಆರೋಗ್ಯದ ಗುಂಪು’ ಎಂದಿತ್ತು. ನಾಲ್ಕನೆಯ ಸಾಲಿನಲ್ಲಿ ಅವರ ಹೆಸರು. ಅದನ್ನು ಬರೆಸಿದ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಏನೂ ಅರಿಯದವರಂತೆ ಕೈಚೀಲದ ಹಿಡಿ ತಿರುಚುತ್ತಿದ್ದರು.

ಸಂಯೋಜಕಿ: ಮೊದಲನೇ ವಾರ, ಎಲ್ಲರ ಜೊತೆ ನಡಿಗೆ. ಹಾಜರು.

ಸರ್ವೇಯರ್: ನಡೆದದ್ದಲ್ಲ, ಅಳೆದದ್ದು! ಪಾರ್ಕಿನ ಬೋರ್ಡಿನಲ್ಲಿ ಒಂದು ಸುತ್ತಿಗೆ ಒಂದು ಕಿಲೋಮೀಟರ್ ಅಂತಿದೆ. ಇರೋದು ಎಂಟುನೂರ ಎಪ್ಪತ್ತು ಮೀಟರ್. ಹಾಡಹಗಲೇ ನೂರ ಮೂವತ್ತು ಮೀಟರ್ ಗುಳುಂ!

ಹೆಂಡತಿ: ಅಳೆಯೋಕೆ ಮೂರು ಸುತ್ತು ಬೇಕಿತ್ತಾ?

ಸರ್ವೇಯರ್: ಸರಾಸರಿ ತೆಗೀಬೇಡ್ವೇನೇ?

ಸಂಯೋಜಕಿ: ಎರಡನೇ ವಾರ, ಜೇಡಿಮಣ್ಣಿನ ಕೆಲಸ.

ಸರ್ವೇಯರ್: ಗುಂಪಿನಲ್ಲಿರೋ ಆ ನರ್ಸಮ್ಮನ ಹೂದಾನಿ ಎಡಕ್ಕೆ ವಾಲಿತ್ತು. ನೋಡ್ಕೊಂಡು ಸುಮ್ಮನಿರೋಕಾಗುತ್ತಾ? ನೆಟ್ಟಗೆ ಮಾಡಿಕೊಟ್ಟೆ.

ಸಂಯೋಜಕಿ: ನಿಮ್ಮದೂ ಒಂದು ಮಾಡಿದ್ರಿ.

ಸರ್ವೇಯರ್: ಅದು ಮಾದರಿ!

ಹೆಂಡತಿ: ಆ ಮಾದರೀನ ದಿನಾ ಬೆಳಿಗ್ಗೆ ಒರೆಸಿ ಒರೆಸಿ ಕಿಟಕೀಲಿಡ್ತಾರೆ ಕಣಮ್ಮ. ನಾನು ಮುಟ್ಟೋ ಹಾಗಿಲ್ಲ.

ಸಂಯೋಜಕಿ: ಮೂರನೇ ವಾರ, ಎಲ್ಲರೂ ಸೇರಿ ಹಾಡು.

ಸರ್ವೇಯರ್: ಆ ಬಸ್ ಡ್ರೈವರು ಪ್ರತಿ ಸಾಲಿಗೂ ಎಲ್ಲರನ್ನೂ ಬಿಟ್ಟು ಮುಂದೆ ಓಡ್ತಿದ್ದ. ತಡೆಯೋಕೆ ನಾನು ದನಿ ಎತ್ತಲೇಬೇಕಾಯ್ತು.

ಹೆಂಡತಿ: ಈಗಲೂ ತಡೀತಾನೇ ಇದ್ದಾರೆ. ದಿನಾ, ಸ್ನಾನದ ಮನೇಲಿ.

ಸರ್ವೇಯರ್: ಒಟ್ಟಿನಲ್ಲಿ ನಾನು ಮಾಡಿದ್ದು ಪರಿಶೀಲನೆ. ‘ಹಾಜರು’ ಅಂತ ಬರೆಯೋದು ಸುಳ್ಳು ದಾಖಲೆ. ನನ್ನ ಮನಸ್ಸಿಗೇನಾಗಿದೆ? ಗುಂಡುಕಲ್ಲಿನ ಹಾಗಿದೆ!

ಸಂಯೋಜಕಿ: ಆಯ್ತು ಸಾರ್. ಹದಿನಾಲ್ಕು ಜನ ಕಾಯ್ತಿದ್ದಾರೆ. ನಿಮ್ಮ ಕುರ್ಚಿ ಅವರಲ್ಲೊಬ್ಬರಿಗೆ ಕೊಡ್ತೀನಿ.

ಆಕೆ ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಹೆಂಡತಿಯ ಅಂಗೈ ಪುಸ್ತಕದ ಮೇಲೆ ಬಿತ್ತು.

ಹೆಂಡತಿ: ಬೇಡ! ರಿಟೈರ್ ಆದ್ಮೇಲೆ ಎಂಟು ತಿಂಗಳು ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ರು. ಊಟಕ್ಕೆ ಕರೆದ್ರೆ ಹೂಂ ಇಲ್ಲ, ಉಹೂಂ ಇಲ್ಲ. ನನ್ನ ಜೊತೆ ಜಗಳ ಆಡೋಕೆ ಶುರು ಮಾಡಿದ್ದೇ ಇಲ್ಲಿಗೆ ಬಂದ್ಮೇಲೆ.

ಸರ್ವೇಯರ್: ಎಂಟು ತಿಂಗಳಲ್ಲ.

ಹೆಂಡತಿ: ಮತ್ತೆಷ್ಟು?

ಸರ್ವೇಯರ್: ಏಳು ತಿಂಗಳು, ಹನ್ನೊಂದು ದಿನ.

ಮಾತು ಬಾಯಿಂದ ಜಾರಿದ ಮೇಲೆಯೇ ಸರ್ವೇಯರರಿಗೆ ತಾವು ಹೇಳಿದ್ದೇನೆಂಬುದು ಹೊಳೆಯಿತು. ಅಷ್ಟು ದಿನಗಳನ್ನೂ ಅವರು ಒಂದೊಂದಾಗಿ ಎಣಿಸಿದ್ದರು. ಎಣಿಸುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಸ್ವಚ್ಛವಾಗಿದ್ದ ಗಾಜನ್ನೇ ಮತ್ತೊಮ್ಮೆ ಒರೆಸಿದರು.

ಸಂಯೋಜಕಿ: (ಮೆಲ್ಲಗೆ) ಹೊಡೆದು ಹಾಕ್ಲಾ ಸಾರ್?

ಸರ್ವೇಯರ್: ಅದು ಹೇಗಾಗುತ್ತೆ? ತಪ್ಪನ್ನ ತಿದ್ದದೆ ದಾಖಲೆ ಮುಚ್ಚೋದು ನಿಯಮಕ್ಕೆ ವಿರುದ್ಧ. ಐದನೇ ವಾರದ ತಾರೀಖೇ ತಪ್ಪಾಗಿದೆ, ಹದಿನಾರಲ್ಲ, ಹದಿನೇಳು. ಗುಂಪು ಸೇರೋ ಗುರುವಾರವೇ ಬಂದು ನೋಡ್ತೀನಿ. ಆಗಲೂ ತಪ್ಪಿದ್ರೆ ಅದರ ಮುಂದಿನ ಗುರುವಾರವೂ ಬರ್ತೀನಿ. ಬಿಡೋ ಪೈಕಿ ಅಲ್ಲ ನಾನು!

ಅವರು ದಾಪುಗಾಲಿಟ್ಟು ಹೊರಟರು. ಹೆಂಡತಿ ಸಂಯೋಜಕಿಯ ಕಿವಿಯತ್ತ ಬಾಗಿದರು. ಬಾಗಿಲ ಬಳಿ ಸರ್ವೇಯರರ ಹೆಜ್ಜೆ, ಕೇಳಿಸಿಕೊಳ್ಳಲು ಬೇಕಾದಷ್ಟೇ, ನಿಧಾನವಾಯಿತು.

ಹೆಂಡತಿ: ನಿನ್ನ ದಮ್ಮಯ್ಯ ಕಣಮ್ಮ, ವಾರಕ್ಕೊಂದು ತಪ್ಪು ಮರೀದೆ ಬರೀತಾ ಇರು.