ಫ್ರೀಹೋಲ್ಡರ್ ಕಡೆಯವರಿಗೆ ನಾನು ಮನೆ ತೋರಿಸಿದ್ದು

ಈ ಸಲ ಬಿಡುವುದಿಲ್ಲ! ಪ್ರಾಣ ಹೋದರೂ ಸರಿ, ನೂರ ಎಂಬತ್ತು ಪೌಂಡ್ ಕೊಡುವುದಿಲ್ಲ! ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು, ಬರ್ಮಿಂಗ್‌ಹ್ಯಾಮಿನ ನಮ್ಮ ಅಡುಗೆಮನೆಯಲ್ಲಿ ನಾನು ಈ ಘೋರ ಪ್ರತಿಜ್ಞೆ ಮಾಡಿದಾಗ ಸಾಕ್ಷಿಗೆ ಇದ್ದವರು ಇಬ್ಬರು: ನನ್ನ ಹೆಂಡತಿ ಚಂದ್ರಪ್ರಭಾ ಮತ್ತು ಕುಕ್ಕರ್. ಕುಕ್ಕರ್ ಒಂದೇ ಸಲ ಕೂಗಿತು.

"ರೀ, ಆ ದುಡ್ಡು ಕೊಟ್ಟು ಬಿಸಾಕ್ರಿ," ಎಂದಳು ಚಂದ್ರಪ್ರಭಾ.

ವಿಷಯ ಇಷ್ಟು. ಹಾರ್ಬೋರ್ನ್‌ನಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. ಹನ್ನೊಂದು ವರ್ಷ ಅಲ್ಲೇ ಸಂಸಾರ ಮಾಡಿ, ಹೋದ ವರ್ಷ ಎರಡು ಬೀದಿ ಆಚೆ ದೊಡ್ಡ ಮನೆಗೆ ಬಂದೆವು. ಫ್ಲ್ಯಾಟನ್ನು ಬಾಡಿಗೆಗೆ ಕೊಡೋಣವೆಂದರೆ ಫ್ರೀಹೋಲ್ಡರ್ ಎಂಬ ಪುಣ್ಯಾತ್ಮ ಅಡ್ಡ ನಿಂತ. ಈ ದೇಶದಲ್ಲಿ ಲೀಸಿನ ಫ್ಲ್ಯಾಟ್ ಕೊಂಡರೆ ಒಳಗೆ ಇರುವ ಹಕ್ಕು ಮಾತ್ರ ನಮ್ಮದು. ನೆಲ, ಗೋಡೆ, ಸೂರು ಎಲ್ಲ ಅವನದು. ಬೇರೆಯವರನ್ನು ಇರಿಸಬೇಕಾದರೆ ಅವನ ಅನುಮತಿ ಬೇಕು. ಅನುಮತಿಗೆ ನೂರ ಎಂಬತ್ತು ಪೌಂಡ್! ಒಂದು ಸಹಿಗೆ! ನಾನು ಅನಸ್ತೇಶಿಯಾ ಡಾಕ್ಟರು, ಊರವರ ಎಚ್ಚರ ತಪ್ಪಿಸುವವನು. ಆ ಕಾಗದ ಓದಿ ನನಗೇ ಎಚ್ಚರ ತಪ್ಪುವಂತಾಯಿತು.

ಫ್ಲ್ಯಾಟಿಗೆ ಬರಬೇಕಾಗಿದ್ದವಳು ನಿವೇದಿತಾ, ಧಾರವಾಡದಿಂದ ಬಂದ ಹೊಸ ಡಾಕ್ಟರು. ಅನುಮತಿ ಸಿಗುವವರೆಗೆ ಅವಳು ನಮ್ಮ ಮನೆಯಲ್ಲಿ, ಅದೂ ನನ್ನ ರೂಮಿನಲ್ಲಿ ಇದ್ದಳು. ನನ್ನ ಗೊರಕೆಗೆಂದೇ ಮೀಸಲಾದ ರೂಮು ಅದು! ನನ್ನ ಒರಗು ಕುರ್ಚಿ, ನನ್ನ ಕ್ರಿಕೆಟ್ ಟೀವಿ, ಎಲ್ಲ ಅಲ್ಲೇ. ನಾನು ನಡುಮನೆಯ ಸೋಫಾದ ಮೇಲೆ, ಮೊಣಕಾಲಿನಿಂದ ಕೆಳಗೆ ಗಾಳಿಯಲ್ಲಿ.

"ಅಂಕಲ್, ಬೇಕಾದ್ರ ಆ ರೊಕ್ಕ ನಾನೇ ಕೊಡ್ತೀನ್ರಿ," ಎಂದಳು ನಿವೇದಿತಾ.

"ರೊಕ್ಕದ ಪ್ರಶ್ನೆ ಅಲ್ಲಮ್ಮಾ, ತತ್ವದ ಪ್ರಶ್ನೆ!" ಎಂದೆ ಸೋಫಾದಿಂದಲೇ.

ಕೂತು ಫ್ರೀಹೋಲ್ಡರ್‌ಗೆ ಬರೆದೆ ನೋಡಿ, ಒಂಬತ್ತು ಪುಟ! ಲೀಸನ್ನು ಹನ್ನೆರಡು ವರ್ಷದಲ್ಲಿ ಮೊದಲ ಸಲ ತೆರೆದೆ. ಬಾಡಿಗೆಯ ಷರತ್ತಿದ್ದ ಪುಟವನ್ನಷ್ಟೇ ಓದಿದೆ, ಉಳಿದದ್ದು ಯಾರಿಗೆ ಬೇಕು? ಇಂಥ ಅನುಮತಿಗೆ ನಲವತ್ತು ಪೌಂಡ್ ಸಾಕೆಂದು ಟ್ರಿಬ್ಯೂನಲ್ ಹಿಂದೆ ಹೇಳಿದ್ದನ್ನು ಹುಡುಕಿ ತೆಗೆದು, ಅಡಿಗೆರೆ ಎಳೆದು, ‘ಕೋರ್ಟಿನಲ್ಲಿ ಭೇಟಿಯಾಗೋಣ’ ಎಂಬ ಧಾಟಿಯಲ್ಲಿ ಮುಗಿಸಿದೆ. ಕನ್ನಡ ಡಾಕ್ಟರುಗಳ ವಾಟ್ಸಾಪ್ ಗುಂಪಿಗೂ ಹಾಕಿದೆ. ಇಪ್ಪತ್ತಮೂರು ಹೆಬ್ಬೆರಳು ಬಂದವು!

ವಾರದಲ್ಲಿ ಉತ್ತರ. ಅವರ ಮ್ಯಾನೇಜರ್ ಪೌಲೀನ್ ಗುರುವಾರ ಫ್ಲ್ಯಾಟ್ ನೋಡಲು ಬರುತ್ತಾಳೆ, ಆಮೇಲೆ ಫೀಸಿನ ತೀರ್ಮಾನ.

"ನೋಡಿದ್ಯಾ ಚಂದ್ರಾ, ಹೆದರಿಬಿಟ್ರು!"

"ಬಂದೋಳು ಬಂದ ಹಾಗೇ ಹೋಗ್ಲಿ. ನೀವು ಬಾಯಿ ಬಿಡ್ಬೇಡಿ."

ಪೌಲೀನ್ ಬಂದಳು. ಹೊಗೆ ಅಲಾರಾಂ ಒತ್ತಿ ನೋಡಿ, ಐದು ನಿಮಿಷದಲ್ಲಿ ಹೊರಡುವ ಅಂದಾಜಿನಲ್ಲಿದ್ದಳು. ಆದರೆ ನಮ್ಮ ಮನೆಗೆ ಮೊದಲ ಸಲ ಬಂದವರನ್ನು ದೇವರ ಗೂಡಿನಿಂದ ಬಚ್ಚಲಿನವರೆಗೆ ತೋರಿಸದೆ ಕಳಿಸುವುದುಂಟೇ? ಕೈಗೆ ಟೀ, ತಟ್ಟೆಗೆ ಕೋಡುಬಳೆ ಕೊಟ್ಟು, "ಬನ್ನಿ ಬನ್ನಿ, ಮನೆ ತೋರಿಸ್ತೀನಿ!" ಎಂದೆ.

"ಇಲ್ಲೊಂದು ಗೋಡೆ ಇತ್ತು. ಕಿಚನ್ ಕತ್ತಲೆ ಕತ್ತಲೆ. ತೆಗೆಸಿಬಿಟ್ಟೆ!"

ಪೌಲೀನ್ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿದಳು. "ಗೋಡೆ ತೆಗೆದದ್ದು ನೀವೇನಾ, ಬ್ಯಾಬ್?"

ಬರ್ಮಿಂಗ್‌ಹ್ಯಾಮಿನವರು ಅಕ್ಕರೆ ಬಂದರೆ ಬ್ಯಾಬ್ ಎನ್ನುತ್ತಾರೆ. ನನಗೆ ಹುರುಪು ಏರಿತು! "ನಾನೇ ನಿಂತು ತೆಗೆಸಿದ್ದು! ಈ ನೆಲ ನೋಡಿ. ಕಾರ್ಪೆಟ್ ಇತ್ತು, ಪೂರ್ತಿ ಕಿತ್ತು ಟೈಲ್ಸ್ ಹಾಕಿಸಿದೆ. ಬರಿಗಾಲಲ್ಲಿ ಓಡಾಡೋಕೆ ಎಷ್ಟು ತಂಪು ಗೊತ್ತಾ!"

ಚಂದ್ರಪ್ರಭಾ ನನ್ನ ಕಾಲು ತುಳಿದಳು.

"ಯಾಕೆ ತುಳೀತೀಯ? ಫ್ಯಾನ್ ತೋರಿಸೋದು ಮರೆತೆ ಅಂತಾನಾ? ತೋರಿಸ್ತೀನಿ ಇರು! ಪೌಲೀನ್, ಒಗ್ಗರಣೆ ಘಾಟು ಹೊರಗೆ ಹೋಗ್ಬೇಕಲ್ಲ, ಹೊರಗೋಡೆಗೇ ತೂತು ಕೊರೆಸಿದೆ!"

ಪೌಲೀನ್ ಟೇಪ್ ತೆಗೆದು ತೂತನ್ನು ಅಳೆದಳು. ಎಂಥ ಆಸಕ್ತಿ! ಟೇಪಿನ ಇನ್ನೊಂದು ತುದಿಯನ್ನು ನಾನೇ ಹಿಡಿದುಕೊಂಡೆ. ಐದು ನಿಮಿಷಕ್ಕೆ ಬಂದವಳು ಒಂದೂವರೆ ಗಂಟೆ ಇದ್ದಳು, ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿಸಿದಳು. ಹೊರಡುವಾಗ ಚಂದ್ರಪ್ರಭಾ ಸಪ್ಪೆ ಮುಖದಲ್ಲೇ ಕುಂಕುಮ ಇಟ್ಟು, ಕೋಡುಬಳೆ ಕಟ್ಟಿಕೊಟ್ಟಳು.

ಬಾಗಿಲು ಹಾಕಿದ್ದೇ ತಡ, "ರೀ, ಆ ಗೋಡೆ ಯಾರದು?" ಎಂದಳು.

"ನಮ್ಮದು."

"ನಿಮ್ಮ ಒಂಬತ್ತು ಪುಟದಲ್ಲಿ ಯಾರದು ಅಂತ ಬರೆದಿದ್ರಿ?"

ಗೋಡೆ ಫ್ರೀಹೋಲ್ಡರ್‌ದು ಎಂದು ಮೊದಲ ಪುಟದಲ್ಲೇ ವಿವರಿಸಿದ್ದೆ. ತುಳಿಸಿಕೊಂಡ ಕಾಲು ಆಗ ನೋಯತೊಡಗಿತು.

ಹತ್ತು ದಿನಕ್ಕೆ ಕಾಗದ ಬಂತು. ‘ತಮ್ಮ ಆಕ್ಷೇಪಣೆ ಸರಿಯಾಗಿದೆ. ಫೀಸನ್ನು ನಲವತ್ತು ಪೌಂಡಿಗೆ ಇಳಿಸಲಾಗಿದೆ.’ ಗೆದ್ದೆ! ಕುಣಿದೆ! "ಚಂದ್ರಾ, ಪಾಯಸ ಮಾಡು! ನಿವೇದಿತಾ, ಸೂಟ್‌ಕೇಸ್ ಕಟ್ಟಮ್ಮಾ!" ಎಂದು ಕೂಗಿದೆ.

"ಹಾಳೆ ತಿರುಗಿಸಿ ಓದಿ," ಎಂದಳು ಚಂದ್ರಪ್ರಭಾ.

ಅನುಮತಿಯಿಲ್ಲದೆ ಗೋಡೆ ತೆಗೆದದ್ದು, ಕೆಳಮನೆಗೆ ಸದ್ದಾಗದಿರಲೆಂದು ಇದ್ದ ಕಾರ್ಪೆಟ್ ಕಿತ್ತದ್ದು, ಹೊರಗೋಡೆ ಕೊರೆದದ್ದು, ಮೂರೂ ಲೀಸಿಗೆ ವಿರುದ್ಧ. ಮೂರನ್ನೂ ಮೊದಲಿನಂತೆ ಮಾಡಿಸಬೇಕು. ಸರ್ವೇಯರ್ ಫೀಸು, ವಕೀಲರ ಫೀಸು ಸೇರಿ ಸಾವಿರದ ಎಂಟುನೂರ ಅರವತ್ತು ಪೌಂಡ್. ಅಲ್ಲಿಯವರೆಗೆ ಫ್ಲ್ಯಾಟನ್ನು ಯಾರಿಗೂ ಬಾಡಿಗೆಗೆ ಕೊಡುವಂತಿಲ್ಲ, ಆದ್ದರಿಂದ ಆ ನಲವತ್ತು ಪೌಂಡ್ ಸದ್ಯಕ್ಕೆ ಕಳಿಸುವುದು ಬೇಡ. ಕೊನೆಯಲ್ಲಿ ಪೆನ್ನಿನಲ್ಲಿ ಒಂದು ಸಾಲು: ಕೋಡುಬಳೆ ಬಹಳ ಚೆನ್ನಾಗಿತ್ತು.

ನಾಚಿಕೆಯಿಂದ ಕುಗ್ಗಿಹೋದೆ. ವಾಟ್ಸಾಪ್ ಗುಂಪಿನಲ್ಲಿ ‘ಏನಾಯ್ತು ಪುಟ್ಟಸ್ವಾಮಿ?’ ಎಂದು ಕೇಳಿದವರಿಗೆಲ್ಲ ‘ಗೆದ್ದೆ’ ಎಂದಷ್ಟೇ ಬರೆದು ಫೋನ್ ಆರಿಸಿಟ್ಟೆ.

ಗೋಡೆ ಕಟ್ಟುವವರು ಬೆಳಿಗ್ಗೆ ಎಂಟಕ್ಕೇ ಬರುತ್ತಾರೆ, ಬಾಗಿಲು ತೆರೆಯಲು ಒಬ್ಬರು ಬೇಕು. ಸೋಫಾದಿಂದ ಹೊರಟ ನನ್ನ ಗೊರಕೆಗೆ ನಿವೇದಿತಾಗೆ ನಿದ್ದೆಯಿಲ್ಲ. ಎರಡನ್ನೂ ಕೂಡಿಸಿ ಚಂದ್ರಪ್ರಭಾ ತೀರ್ಪು ಕೊಟ್ಟಳು. ರಜೆ ಹಾಕಿ, ಹಾಸಿಗೆ ಸುತ್ತಿಕೊಂಡು ನಾನೇ ಫ್ಲ್ಯಾಟಿಗೆ ಹೋದೆ.

ಭಾನುವಾರ ಚಂದ್ರಪ್ರಭಾ ಡಬ್ಬಿ ಹಿಡಿದು ಬಂದಳು. ಸಿಮೆಂಟ್ ಧೂಳಿನ ನಡುವೆಯೂ ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಬಾ ಬಾ ಚಂದ್ರಾ, ಗೋಡೆ ಅರ್ಧ ಎದ್ದಿದೆ, ತೋರಿಸ್ತೀನಿ!"

"ಬೇಡಪ್ಪಾ, ನೀವು ತೋರಿಸಿದ್ದು ಸಾಕು!" ಎಂದು ಹೊಸಿಲಲ್ಲೇ ನಿಂತಳು. "ಇನ್ನೊಂದು ವಿಷಯ. ಆ ಹುಡುಗಿಗೆ ಆರು ತಿಂಗಳಿಗೆ ನಿಮ್ಮ ರೂಮನ್ನೇ ಬಾಡಿಗೆಗೆ ಕೊಟ್ಟಿದ್ದೀನಿ. ನಿಮ್ಮ ಪರ್ಮಿಷನ್‌ಗೆ ಫೀಸ್ ಎಷ್ಟು ಹೇಳಿ. ಜಾಸ್ತಿ ಆದ್ರೆ ಒಂಬತ್ತು ಪುಟ ಬರೀತೀನಿ!"

ಡಬ್ಬಿ ತೆರೆದೆ. ಬಿಸಿಬೇಳೆ ಭಾತ್, ಮೇಲೆ ತುಪ್ಪ.

"ಫೀಸ್ ಬಂತಲ್ಲ ಚಂದ್ರಾ," ಎಂದೆ.