ಎದುರು ಮನೆಗಿಂತ ಒಂದು ಕೈ ಮೇಲು

ಟೈಮಣ್ಣನ ನೆಮ್ಮದಿ ಕೆಟ್ಟದ್ದು ಮೂರು ಸಾಲು ಹಸಿರು ಇಂಕಿನಿಂದ.

ಬಸ್ ಡಿಪೋದಲ್ಲಿ ಟೈಮ್‌ಕೀಪರನಾಗಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ನಿಮಿಷ ತಡವಾಗಿ ಬಂತು ಎಂದು ಬರೆದಿಡುವುದು ಅವನ ಕೆಲಸ. ಅಂದು ಅವನಿಗೆ ವಾರದ ರಜೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದಾಗ, ಶಾಲೆಗೆ ಹೊರಟಿದ್ದ ಹನ್ನೆರಡು ವರ್ಷದ ಮಗಳು ಪುಟ್ಟಿ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ಅವನ ಮುಂದಿಟ್ಟಳು.

“ಅಪ್ಪ, ನನ್ನ ಗೇಮಿಂಗ್ ಕಂಪ್ಯೂಟರಿಗೆ ಬೇಕಾಗಿರೋ ಸಾಮಾನಿನ ಪಟ್ಟಿ. ಇವತ್ತು ತರ್ತೀನಿ ಅಂದಿದ್ಯಲ್ಲ.”

ಟೈಮಣ್ಣ ಪಟ್ಟಿ ನೋಡಿದ. ಎಂಟು ಸಾಮಾನು, ಮಗಳ ದುಂಡಗಿನ ನೀಲಿ ಅಕ್ಷರ. ಅವುಗಳಲ್ಲಿ ಮೂರನ್ನು ಯಾರೋ ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಬೇರೆ ಹೆಸರುಗಳನ್ನು ಹಸಿರು ಇಂಕಿನಲ್ಲಿ ಓರೆಯಾಗಿ ಬರೆದಿದ್ದರು.

“ಈ ಹಸಿರು ಯಾರದ್ದು?”

“ಚಿಕ್ಕಪ್ಪಂದು. ತಿದ್ದಿ ಕೊಟ್ರು. ಚಿಕ್ಕಪ್ಪಂಗೆ ಎಲ್ಲಾ ಗೊತ್ತು ಅಪ್ಪ.”

ಚಿಕ್ಕಪ್ಪ ಎಂದರೆ ಎದುರು ಮನೆಯಲ್ಲಿದ್ದ ಟೈಮಣ್ಣನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ವಿಮಾ ಕಂಪನಿಯಲ್ಲಿ ಕೆಲಸ. ಹಸಿರು ಇಂಕಿನಲ್ಲಿ ಬರೆಯುವವರು ಒಂದೋ ಮೇಲಧಿಕಾರಿಗಳು, ಇಲ್ಲವೇ ತಾವು ಮೇಲಧಿಕಾರಿಗಳು ಎಂದುಕೊಂಡವರು ಎಂಬುದು ಟೈಮಣ್ಣನ ಅಭಿಪ್ರಾಯ. ಷಡ್ಡಕನ ಮೇಲೆ ಅವನಿಗಿದ್ದ ಹೊಟ್ಟೆಕಿಚ್ಚು ವಯಸ್ಸಿನಲ್ಲಿ ಪುಟ್ಟಿಗಿಂತ ದೊಡ್ಡದು. ಷಡ್ಡಕನ ತಲೆಯಲ್ಲಿ ಇನ್ನೂ ಕೂದಲಿತ್ತು. ಅವನದು ಸ್ವಂತ ಮನೆ. ಅವನು ಹೆಂಡತಿಯ ಮೇಲೆ ರೇಗಿದ್ದನ್ನು ಯಾರೂ ಕೇಳಿರಲಿಲ್ಲ, ಮತ್ತು ಈ ಸಂಗತಿಯನ್ನು ಟೈಮಣ್ಣನ ಹೆಂಡತಿ ವಾರಕ್ಕೊಮ್ಮೆ ನೆನಪಿಸುತ್ತಿದ್ದಳು.

ಇಷ್ಟನ್ನೆಲ್ಲ ಅವನು ಹೇಗೋ ನುಂಗಿಕೊಂಡಿದ್ದ. ಆದರೆ ನಾಲ್ಕು ತಿಂಗಳ ಹಿಂದೆ ಷಡ್ಡಕ ತನ್ನ ಮಗನಿಗೆ ಬಣ್ಣದ ದೀಪ ಮಿನುಗುವ ಕಂಪ್ಯೂಟರ್ ತಂದುಕೊಟ್ಟ ಮೇಲೆ ಪುಟ್ಟಿ ಸಂಜೆ ಮನೆಯಲ್ಲಿ ಇರುವುದೇ ನಿಂತುಹೋಯಿತು. ಮೊದಲೆಲ್ಲ ಅವನು ಡ್ಯೂಟಿ ಮುಗಿಸಿ ಬಂದರೆ ಪಕ್ಕದಲ್ಲಿ ಕೂತು ಡಿಪೋದ ಸುದ್ದಿಯೆಲ್ಲ ಕೇಳುತ್ತಿದ್ದಳು. ಈಗ ಬೀದಿಯ ತಿರುವಿಗೆ ಬರುವಾಗಲೇ ಎದುರು ಮನೆಯ ಕಿಟಕಿಯಿಂದ ಅವಳ ನಗು ಕೇಳಿಸುತ್ತಿತ್ತು. ತನ್ನ ಮಗಳು ಇನ್ನೊಬ್ಬರ ಮನೆಯಲ್ಲಿ ಅಷ್ಟು ಚೆನ್ನಾಗಿ ನಗುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅವಳನ್ನು ಸಂಜೆ ಹೊತ್ತು ಮನೆಗೆ ಮರಳಿ ತರಬೇಕೆಂದೇ ಅವನು ಸ್ಕೂಟರಿಗೆ ಎತ್ತಿಟ್ಟಿದ್ದ ದುಡ್ಡನ್ನು ಕಂಪ್ಯೂಟರಿಗೆ ಹಾಕಲು ಒಪ್ಪಿದ್ದ.

“ಚಿಕ್ಕಪ್ಪನ್ನೂ ಕರ್ಕೊಂಡು ಹೋಗಪ್ಪ. ಅಂಗಡೀಲಿ ಏನಾದ್ರೂ ಕೇಳಿದ್ರೆ ನಿಂಗೆ ಗೊತ್ತಾಗಲ್ಲ,” ಎಂದಳು ಪುಟ್ಟಿ.

“ಯಾಕೆ, ನಿಮ್ಮಪ್ಪ ಏನು ಕತ್ತೆ ಕಾಯ್ತಾನಾ? ಇಪ್ಪತ್ತು ವರ್ಷದಿಂದ ಒಂದು ಡಿಪೋ ಬಸ್ಸು ನೋಡ್ಕೊಂಡಿದೀನಿ. ಒಂದು ಡಬ್ಬ ತರೋಕೆ ಬರಲ್ವಾ?”

“ಸರಿ, ಪಟ್ಟೀಲಿರೋದನ್ನೇ ತಾ. ಒಂದೂ ಬದಲಾಯಿಸ್ಬೇಡ,” ಎಂದು ಹೇಳಿ ಅವಳು ಶಾಲೆಗೆ ಹೋದಳು.

ಟೈಮಣ್ಣ ನೇರವಾಗಿ ಡಿಪೋಗೆ ಹೋಗಿ ಮೇಸ್ತ್ರಿಯನ್ನು ಹಿಡಿದ. ಮೇಸ್ತ್ರಿ ಅಲ್ಲಿನ ಹಿರಿಯ ಮೆಕ್ಯಾನಿಕ್. ಅವನಿಗೆ ತಿಳಿಯದ ಯಂತ್ರವೇ ಇಲ್ಲ ಎಂದು ಡಿಪೋದಲ್ಲಿ ಎಲ್ಲರೂ ನಂಬಿದ್ದರು, ಎಲ್ಲರಿಗಿಂತ ಗಟ್ಟಿಯಾಗಿ ಮೇಸ್ತ್ರಿಯೇ ನಂಬಿದ್ದ. ಅವನು ಬಸ್ಸಿನ ಕೆಳಗಿನಿಂದ ತೆವಳಿಕೊಂಡು ಬಂದು, ಕೈ ಒರೆಸಿಕೊಂಡು ಪಟ್ಟಿ ಓದಿದ.

“ಪ್ರೊಸೆಸರ್ ಏನು ಮಾಡುತ್ತೆ?”

“ಎಲ್ಲಾ ಕೆಲಸ ಅದೇ ಮಾಡೋದಂತೆ.”

“ಹಾಗಾದ್ರೆ ಇಂಜಿನ್ನು. ಪವರ್ ಸಪ್ಲೈ?”

“ಕರೆಂಟ್ ಕೊಡೋದು.”

“ಡೀಸೆಲ್ ಟ್ಯಾಂಕು. ಈ ಗ್ರಾಫಿಕ್ಸ್ ಕಾರ್ಡು?”

“ಚಿತ್ರ ತೋರ್ಸೋದು.”

ಮೇಸ್ತ್ರಿ ಒಂದು ಗಳಿಗೆ ಯೋಚಿಸಿ, “ಡ್ರೈವರ್ ಮುಂದಿನ ಗಾಜು,” ಎಂದ. “ಇಷ್ಟೇನಾ? ಇದು ಬಸ್ಸೇ ಕಣೋ. ಚಕ್ರ ಇಲ್ಲ ಅಷ್ಟೆ. ಆ ಎದುರು ಮನೇದು ಎಷ್ಟರದ್ದು?”

ಟೈಮಣ್ಣ ಅಂಗಿಯ ಜೇಬಿನಿಂದ ಚೀಟಿ ತೆಗೆದ. ಹಿಂದಿನ ವಾರ ಸಕ್ಕರೆ ಕೇಳುವ ನೆಪದಲ್ಲಿ ಷಡ್ಡಕನ ಮನೆಗೆ ಹೋಗಿ, ಕಂಪ್ಯೂಟರಿನ ಖಾಲಿ ಡಬ್ಬಗಳ ಮೇಲಿದ್ದುದನ್ನೆಲ್ಲ ಬಸ್ಸಿನ ನಂಬರ್ ಬರೆದುಕೊಳ್ಳುವ ಹಾಗೆ ಬರೆದುಕೊಂಡು ಬಂದಿದ್ದ. ಸಕ್ಕರೆ ತರುವುದನ್ನು ಮರೆತಿದ್ದ.

“ಇದಕ್ಕಿಂತ ಒಂದು ಕೈ ಮೇಲಿರ್ಬೇಕು,” ಎಂದ.

“ಒಂದು ಯಾಕೆ, ಎರಡು ಕೈ. ಏರು ಹತ್ತೋವಾಗ ಇಂಜಿನ್ ದೊಡ್ಡದಿದ್ರೆ ಬೇಡ ಅಂದವರನ್ನ ನಾನಂತೂ ನೋಡಿಲ್ಲ,” ಎಂದು ಮೇಸ್ತ್ರಿ ಅರ್ಧ ದಿನ ರಜೆ ಬರೆದುಕೊಟ್ಟು ಹೊರಟೇಬಿಟ್ಟ.

ಕಂಪ್ಯೂಟರ್ ಅಂಗಡಿಯವಳು ಕಿವಿಯ ಮೇಲೆ ಪೆನ್ಸಿಲಿನ ಹಾಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಕೂತಿದ್ದಳು. ಪಟ್ಟಿಯನ್ನು ಓದುತ್ತಾ ಅವಳ ಮುಖ ಅರಳಿತು.

“ಯಾರು ಬರ್ದಿದ್ದು ಸರ್? ದಿನಾ ಎಷ್ಟೋ ಪಟ್ಟಿ ನೋಡ್ತೀನಿ, ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆಯಲ್ಲ.”

“ನನ್ನ ಮಗಳು,” ಎಂದ ಟೈಮಣ್ಣ. ಅವನ ಎದೆ ಉಬ್ಬಿತು.

“ಅದ್ರಲ್ಲೂ ಈ ಹಸಿರಲ್ಲಿ ತಿದ್ದಿರೋರು ತುಂಬಾ ತಿಳಿದವರು. ಹೇಳಿ ಮಾಡಿಸಿದ ಹಾಗಿದೆ.”

ಉಬ್ಬಿದ ಎದೆ ಅಲ್ಲೇ ಇಳಿಯಿತು. ಬೆಳಿಗ್ಗೆಯಿಂದ ಎರಡನೆಯ ಸಲ ಅದೇ ಮನುಷ್ಯನ ಹೊಗಳಿಕೆ, ಅದೂ ಅವನ ಮುಖವನ್ನೇ ನೋಡಿರದ ಹೆಂಗಸಿನ ಬಾಯಲ್ಲಿ. ಇದ್ದುದರಲ್ಲಿ ಹೆಚ್ಚು ಉರಿದದ್ದು ಇದಕ್ಕೇ.

“ಆ ಹಸಿರು ಮೂರನ್ನೂ ಹೊಡೆದು ಹಾಕಿ,” ಎಂದ. “ಅದ್ರ ಬದಲು ನಿಮ್ಮಲ್ಲಿರೋ ಎಲ್ಲಕ್ಕಿಂತ ದೊಡ್ಡದು ಕೊಡಿ.”

“ಬೇಕಾಗಲ್ಲ ಸರ್. ಮಗು ಯಾವ ಆಟ ಆಡುತ್ತೆ?”

ಟೈಮಣ್ಣನಿಗೆ ಗೊತ್ತಿರಲಿಲ್ಲ. ಷಡ್ಡಕನಿಗೆ ಗೊತ್ತಿದ್ದೇ ಇರುತ್ತದೆ ಎಂಬ ಯೋಚನೆ ಬಂದು ಅವನು ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಎಲ್ಲಾ ಆಟ,” ಎಂದ ಮೇಸ್ತ್ರಿ.

ಅಲ್ಲಿಂದ ಒಂದು ಇನ್ನೊಂದನ್ನು ಎಳೆಯತೊಡಗಿತು. ದೊಡ್ಡ ಗ್ರಾಫಿಕ್ಸ್ ಕಾರ್ಡು ಪುಟ್ಟಿ ಆರಿಸಿದ್ದ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ಪೆಟ್ಟಿಗೆ ದೊಡ್ಡದಾಯಿತು. ದೊಡ್ಡ ಪ್ರೊಸೆಸರ್ ಅವಳು ಬರೆದಿದ್ದ ಮದರ್‌ಬೋರ್ಡಿನ ಮೇಲೆ ಕೂರಲಿಲ್ಲ, ಮದರ್‌ಬೋರ್ಡು ಬದಲಾಯಿತು. ಇಷ್ಟನ್ನೂ ನಡೆಸಲು ಅಂಗಡಿಯಲ್ಲಿದ್ದ ಅತಿ ದೊಡ್ಡ ಪವರ್ ಸಪ್ಲೈ ಕೆಳಗಿಳಿಯಿತು. ಇದು ಕಾಯುತ್ತದೆ, ತಣ್ಣಗಿಡಲು ನೀರು ಹರಿಯುವ ರೇಡಿಯೇಟರ್ ಬೇಕು ಎಂದು ಅಂಗಡಿಯವಳು ಹೇಳಿದಾಗ ಮೇಸ್ತ್ರಿ ಟೈಮಣ್ಣನ ಪಕ್ಕೆ ತಿವಿದು, “ಹೇಳ್ಲಿಲ್ವಾ, ಬಸ್ಸೇ ಅಂತ,” ಎಂದ. ಸ್ಕೂಟರಿನ ದುಡ್ಡು ಮುಗಿದು ಹೆಂಡತಿಯ ವಾಷಿಂಗ್ ಮಷೀನಿನ ದುಡ್ಡಿಗೂ ಕೈ ಬಿತ್ತು.

“ಡಬ್ಬ ಬಿಚ್ಚಿ ಜೋಡಿಸಿದ ಮೇಲೆ ವಾಪಸ್ ತಗೊಳ್ಳಲ್ಲ ಸರ್. ಇನ್ನೊಂದ್ಸಲ ಯೋಚ್ನೆ ಮಾಡಿ,” ಎಂದಳು ಅಂಗಡಿಯವಳು.

“ಯೋಚ್ನೆ ಮಾಡೋದೇನಿದೆ,” ಎಂದ ಟೈಮಣ್ಣ. ಅಂದು ಅವನು ಆಡಿದ ಮಾತುಗಳಲ್ಲಿ ಪೂರ್ತಿ ಸತ್ಯವಾದದ್ದು ಅದೊಂದೇ.

ಜೋಡಿಸುವ ಹೊತ್ತಿಗೆ ಮೂರು ಗಂಟೆಯಾಯಿತು. ಇಬ್ಬರೂ ಎರಡು ಕಡೆ ಹಿಡಿದು ಮನೆಯ ಮುಂದೆ ಇಳಿಸಿದಾಗ, ಮೇಲಿನ ಮಹಡಿಯಲ್ಲಿದ್ದ ಮನೆ ಓನರಮ್ಮ ಬಾಲ್ಕನಿಯಿಂದ ಬಗ್ಗಿ, “ಹೊಸ ಫ್ರಿಜ್ಜಾ?” ಎಂದು ಕೇಳಿದರು.

“ಕಂಪ್ಯೂಟರ್ ಅಮ್ಮ, ಪುಟ್ಟಿಗೆ,” ಎಂದು ಟೈಮಣ್ಣ ಎದುರು ಮನೆಗೂ ಕೇಳಿಸುವಷ್ಟು ಜೋರಾಗಿ ಹೇಳಿದ.

ಪುಟ್ಟಿಯ ಓದುವ ಮೇಜಿನ ಮೇಲೆ ಅದು ಹಿಡಿಸಲಿಲ್ಲ. ಊಟದ ಮೇಜಿನ ಮೇಲೆ ಇಟ್ಟರು. ಇನ್ನು ಊಟ ಎಲ್ಲಿ ಎಂದು ಹೆಂಡತಿ ಕೇಳಿದಾಗ ಟೈಮಣ್ಣ ಪ್ಲಗ್ ಹಾಕಲು ಜಾಗ ಹುಡುಕುತ್ತಿದ್ದ. ಶಾಲೆಯಿಂದ ಬಂದ ಪುಟ್ಟಿ ಬ್ಯಾಗು ಬಿಸಾಡಿ ಓಡಿ ಬಂದಳು, ಹತ್ತಿರ ಬಂದು ನಿಂತಳು, ಗಾಜಿನ ಬದಿಯಿಂದ ಒಳಗೆ ಇಣುಕಿದಳು.

“ಅಪ್ಪ, ಇದು ನನ್ನ ಪಟ್ಟೀದಲ್ಲ.”

“ಅದಕ್ಕಿಂತ ಒಳ್ಳೇದು. ಚಿಕ್ಕಪ್ಪನ ಮನೇದಕ್ಕಿಂತ ಹೇಗಿದೆ, ಅದನ್ನ ಹೇಳು.”

“ಎಷ್ಟೋ ಪಾಲು ಮೇಲು,” ಎಂದು ಪುಟ್ಟಿ ಒಪ್ಪಿಕೊಂಡು ಅವನ ಸೊಂಟ ತಬ್ಬಿಕೊಂಡಳು. ಟೈಮಣ್ಣನ ಇಡೀ ದಿನದಲ್ಲಿ ಚೆನ್ನಾಗಿದ್ದ ನಿಮಿಷ ಅದೊಂದೇ. ಅವನು ಹೋಗಿ ಬೀದಿ ಕಡೆಯ ಪರದೆಯನ್ನು ಪೂರ್ತಿ ಸರಿಸಿ ಬಂದ. ಸ್ವಿಚ್ ಹಾಕಿದ ಕೂಡಲೇ ಗೋಡೆಯೆಲ್ಲ ಕೆಂಪಾಗಿ, ನೇರಳೆಯಾಗಿ ಬೆಳಗಿತು. ಪುಟ್ಟಿ ಆಟವನ್ನು ಹಾಕಿ, ಕುರ್ಚಿ ಎಳೆದು ಕೂತು, ಆಡಲು ಶುರು ಮಾಡಿದಳು.

ಟಪ್ ಎಂದು ಕರೆಂಟು ಹೋಯಿತು.

“ಇಸ್ತ್ರಿಪೆಟ್ಟಿಗೆ ಹಾಕಿದ್ಯಾ?” ಎಂದು ಟೈಮಣ್ಣ ಹೆಂಡತಿಯ ಮೇಲೆ ರೇಗಿದ. ಅವಳು ಹಾಕಿದ್ದಳು, ತೆಗೆದಳು. ಮೇಸ್ತ್ರಿ ಫ್ಯೂಸಿಗೆ ಹೊಸ ತಂತಿ ಕಟ್ಟಿದ. ಅಷ್ಟರಲ್ಲಿ ಓನರಮ್ಮ ಮೆಟ್ಟಿಲಿಳಿದು ಬಂದರು.

“ಧಾರಾವಾಹೀಲಿ ಕೊಲೆ ಮಾಡಿದವನ ಹೆಸರು ಹೇಳೋ ಹೊತ್ತಿಗೇ ಹೋಯ್ತಲ್ಲಪ್ಪಾ.”

ಎರಡನೆಯ ಸಲ ಹೋದಾಗ ಫ್ರಿಜ್ ಆರಿಸಿದರು. ಮೂರನೆಯ ಸಲ ಫ್ಯಾನು, ದೀಪ ಎಲ್ಲ ಆರಿಸಿ, ಬೆವರುತ್ತಾ ಕಂಪ್ಯೂಟರೊಂದರ ಸುತ್ತ ಕೂತರು. ಮತ್ತೆ ಹೋಯಿತು. “ದಪ್ಪ ತಂತಿ ಹಾಕೋಣ,” ಎಂದು ಮೇಸ್ತ್ರಿ ಬಸ್ಸಿನಿಂದ ತಂದಿದ್ದ ಯಾವುದೋ ತಂತಿ ಕಟ್ಟಿದ. ಈ ಸಲ ಕರೆಂಟಿನ ಜೊತೆ ಸುಟ್ಟ ವಾಸನೆಯೂ ಬಂತು, ಮೇಸ್ತ್ರಿ ಬೆದರಿ ಫ್ಯೂಸನ್ನೇ ಕಿತ್ತ. ಓನರಮ್ಮ ಕೆಳಗೆ ಬಂದು ನಿಂತವರು ಮತ್ತೆ ಮೇಲೆ ಹೋಗಲಿಲ್ಲ.

“ಯಾರು ಕೊಲೆ ಮಾಡಿದ್ರು ಅಂತ ಇನ್ನು ನೀವೇ ಹೇಳ್ಬೇಕು,” ಎಂದರು. “ವೈರ್ ಬದಲಾಯಿಸ್ತೀವಿ ಅಂತ ಮಾತ್ರ ಕೇಳ್ಬೇಡಿ. ನನ್ನ ಗೋಡೆಗೆ ಉಳಿ ಮುಟ್ಟಿಸೋಕೆ ಬಿಡಲ್ಲ.”

ಆಗ ಷಡ್ಡಕ ಟಾರ್ಚ್ ಹಿಡಿದು ಬಂದ. ಕರೆಯದಿದ್ದರೂ ಬಂದ, ಮತ್ತು ಅದಕ್ಕೆ ಬಯ್ಯುವಂತೆಯೂ ಇರಲಿಲ್ಲ. ಕಂಪ್ಯೂಟರನ್ನು ನೋಡಿದ, ಮೀಟರ್ ಬೋರ್ಡನ್ನು ನೋಡಿದ, ಎಂದಿನ ತಣ್ಣನೆಯ ದನಿಯಲ್ಲಿ ಹೇಳಿದ.

“ಅಣ್ಣ, ಇಲ್ಲಿ ವೈರು ಹಳೇದು. ನಿಮಗೂ ಮೇಲಿನವರಿಗೂ ಒಂದೇ ಫ್ಯೂಸು. ಅದನ್ನ ನೋಡಿಯೇ ನಾನು ಪುಟ್ಟಿ ಪಟ್ಟೀಲಿ ಮೂರನ್ನ ಸಣ್ಣದು ಮಾಡಿದ್ದೆ. ಸಂಜೆ ಹೊತ್ತು ನಿಮ್ಮ ಜೊತೆ ಮನೇಲೇ ಇದ್ದು ಆಡ್ಲಿ ಅಂತ.”

ಟೈಮಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇಸ್ತ್ರಿ ಸದ್ದಿಲ್ಲದೆ ಸಾಮಾನು ಚೀಲಕ್ಕೆ ತುಂಬಿ, “ಸಂಜೆ ಡ್ಯೂಟಿ ಇದೆ ನಂಗೆ,” ಎಂದು ಹೊರಟುಹೋದ. ಅವನಿಗೆ ಸಂಜೆ ಡ್ಯೂಟಿ ಇಲ್ಲವೆಂಬುದು ಟೈಮ್‌ಕೀಪರನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು.

ಕತ್ತಲಲ್ಲಿ ಪುಟ್ಟಿ ಅಳುಕುತ್ತಾ ಕೇಳಿದಳು. “ಚಿಕ್ಕಪ್ಪ, ನಿಮ್ಮನೇಲಿ ಏಸಿಗೆ ಅಂತ ಬೇರೆ ದಪ್ಪ ಲೈನು ಹಾಕ್ಸಿದೀರಲ್ಲ. ಅಲ್ಲಿಟ್ರೆ ನಡೆಯುತ್ತಾ?”

“ನಡೆಯುತ್ತೆ ಪುಟ್ಟಿ. ಅಣ್ಣ ಒಪ್ಪಿದ್ರೆ.”

ಅಣ್ಣ ಒಪ್ಪದೆ ಏನು ಮಾಡುತ್ತಾನೆ. ಪುಟ್ಟಿ ಅವನ ಮುಖವನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಹಿಡಿದ ಬದಿಯನ್ನೇ ಮತ್ತೆ ಹಿಡಿದು, ಇನ್ನೊಂದು ಬದಿಯನ್ನು ಷಡ್ಡಕನಿಗೆ ಕೊಟ್ಟು, ಟೈಮಣ್ಣ ತನ್ನ ಕಂಪ್ಯೂಟರನ್ನು ತಾನೇ ಬೀದಿ ದಾಟಿಸಿದ. ಅಲ್ಲಿ ಅದು ಒಂದು ಸಲವೂ ಆರದೆ, ಷಡ್ಡಕನ ಕಂಪ್ಯೂಟರಿನ ಪಕ್ಕದಲ್ಲಿ ಝಗಮಗಿಸುತ್ತಾ ನಿಂತಿತು. ಎರಡು ಯಂತ್ರ, ಎರಡು ಮಕ್ಕಳು. ಫ್ಯೂಸಿಗೆ ತಂತಿ ಕಟ್ಟುವವರೆಗೆ ತಂಗಿಯ ಮನೆಯಲ್ಲೇ ಇರುತ್ತೇನೆಂದು ಹೆಂಡತಿಯೂ ಕೂತಳು. ಧಾರಾವಾಹಿ ನೋಡಲು ಓನರಮ್ಮನೂ ಅಲ್ಲಿಗೇ ಬಂದರು.

ಟೈಮಣ್ಣ ಒಬ್ಬನೇ ಮನೆಗೆ ಮರಳಿ, ಫ್ಯೂಸು ಕಟ್ಟಿ, ಖಾಲಿ ಊಟದ ಮೇಜಿನ ಮುಂದೆ ಕೂತ. ಎದುರಿನ ಕಿಟಕಿಯಿಂದ ಪುಟ್ಟಿಯ ನಗು ಮೊದಲಿಗಿಂತ ಜೋರಾಗಿ ಕೇಳುತ್ತಿತ್ತು. ಹೊಟ್ಟೆ ಉರಿಯುವುದಕ್ಕೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಷಡ್ಡಕ ಒಳಗೆ ಬಂದ. ಕಂಕುಳಲ್ಲಿ ದಿನಪತ್ರಿಕೆ, ಕೈಯಲ್ಲಿ ಒಂದು ದಿಂಬು.

“ನಿಜ ಹೇಳ್ಲಾ ಅಣ್ಣ? ನಿಮ್ಮನ್ನ ನೋಡಿದ್ರೆ ನಂಗೆ ಹೊಟ್ಟೆಕಿಚ್ಚು.”

ಟೈಮಣ್ಣ ನೆಟ್ಟಗೆ ಕೂತ. ಅಂಥ ಮಾತನ್ನು ಅದೇ ಬಾಯಿಂದ ಕೇಳಲು ಅವನು ಷಡ್ಡಕನ ಮದುವೆಯ ದಿನದಿಂದ ಕಾದಿದ್ದ.

“ಕಂಪ್ಯೂಟರ್ ನೋಡಿನಾ?”

“ಅಯ್ಯೋ, ಅದಲ್ಲ. ಈ ಮನೆ ನೋಡಿ. ಮಕ್ಕಳ ಗಲಾಟೆ ಇಲ್ಲ, ಹೆಂಗಸರ ಮಾತಿಲ್ಲ. ಎಷ್ಟು ತಣ್ಣಗಿದೆ. ನಮ್ಮನೇಲಿ ಇನ್ಮೇಲೆ ನಂಗೆ ಕಾಲಿಡೋಕೂ ಜಾಗ ಇಲ್ಲ.”

ಷಡ್ಡಕ ದಿಂಬನ್ನು ಗೋಡೆಗೆ ಒರಗಿಸಿ, ಕಾಲು ಚಾಚಿ ಕೂತು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

“ಪುಟ್ಟಿನ ದಿನಾ ಸಂಜೆ ಅಲ್ಲಿಗೆ ಕಳಿಸ್ಬಿಡಿ ಅಣ್ಣ, ಚಿಂತೆ ಬೇಡ,” ಎಂದ. “ನಿಮಗೂ ಬೇಜಾರಾಗ್ಬಾರ್ದಲ್ಲ, ನಾನು ಇಲ್ಲಿಗೆ ಬರ್ತೀನಿ.”