ಇಂಗಿಗೊಂದು ಶಹನಾಯಿ

ನಮ್ಮ ಸೋದರಮಾವನಿಗೆ ಕಿವಿ ಎರಡಲ್ಲ, ಮೂರು. ಮೂರನೆಯದು ಮೂಗು ಇರಬೇಕಾದ ಜಾಗದಲ್ಲಿದೆ! ನಂಬಿಕೆ ಬಾರದಿದ್ದರೆ ಗಿರಿನಗರದ ಅವರ ಮನೆಗೆ ಒಮ್ಮೆ ಹೋಗಿ ನೋಡಿ. ನೀವು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮಾವ ಒಳಗಿನಿಂದಲೇ ನಿಮ್ಮನ್ನು ಮೂಸಿ, ಶ್ರುತಿ ನೋಡಿ, ತೀರ್ಪು ಕೊಟ್ಟಿರುತ್ತಾರೆ. ಈಚೆಗೆ ಹೊಸ ಸೆಂಟು ಹಾಕಿಕೊಂಡು ಹೋದ ನನಗೆ ಸಿಕ್ಕ ಸ್ವಾಗತ ಇದು: "ಲೋ, ನಿನ್ನಿಂದ ಅಪಸ್ವರ ಬರ್ತಾ ಇದೆ ಕಣೋ! ಹೋಗಿ ಕೈಕಾಲು ಮುಖ ತೊಳ್ಕೊಂಡು ಶ್ರುತಿಗೆ ಬಾ."

ಮಾವನ ಕಸುಬು ಪಿಟೀಲು. ಸಿನಿಮಾ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು, ನಾಯಕ ಅತ್ತಾಗ, ನಾಯಕಿ ನಕ್ಕಾಗ, ಖಳನಾಯಕ ಕಾರಿನಿಂದ ಇಳಿದಾಗ ನುಡಿಸಿ ನುಡಿಸಿ ತಲೆ ಬೆಳ್ಳಗಾದವರು. ಆಮೇಲೆ ಬಡ್ತಿ ಪಡೆದು ತಾವೇ ಸಣ್ಣಪುಟ್ಟ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಕೂಡಿಸತೊಡಗಿದರು. ಆದರೆ ಅವರ ತಲೆಯೊಳಗೆ ವಾಸನೆ ಬೇರೆ, ನಾದ ಬೇರೆ ಅನ್ನುವ ಗೋಡೆಯೇ ಇಲ್ಲ. ಬೆಳಗಿನ ಕಾಫಿ ಮಂದ್ರಸ್ಥಾಯಿ, ಹೆಚ್ಚಿದ ನಿಂಬೆಹಣ್ಣು ತಾರಸ್ಥಾಯಿ. ಹಣೆಗೆ ಹಚ್ಚುವ ವಿಭೂತಿಯನ್ನೂ ಮೊದಲು ಮೂಗಿನ ಹತ್ತಿರ ಹಿಡಿದು, "ಷಡ್ಜ" ಎಂದು ತಲೆಯಾಡಿಸಿಯೇ ಹಚ್ಚುತ್ತಾರೆ. ನಾನಿರುವ ಜೆ.ಪಿ. ನಗರದ ಅಪಾರ್ಟ್‌ಮೆಂಟಿಗೆ ಮೊದಲ ಸಲ ಬಂದಾಗ ಲಿಫ್ಟಿನ ಬಾಗಿಲು ತೆರೆದದ್ದೇ ಹಿಂದೆ ಸರಿದರು. "ಒಳಗೆ ಫಿನಾಯಿಲೂ ಯಾರದೋ ಮನೆ ಮೀನಿನ ಸಾರೂ ಜುಗಲ್‌ಬಂದಿ ಮಾಡ್ತಿವೆ. ತಾಳ ತಪ್ಪಿದೆ. ನಾನು ಹತ್ತಲ್ಲಪ್ಪ!" ಎಂದು ಅಷ್ಟೂ ಮಹಡಿಯನ್ನು ಮೆಟ್ಟಿಲಲ್ಲೇ ಹತ್ತಿ ಬಂದು, ಒಂದು ಗಂಟೆ ಏದುಸಿರು ಬಿಟ್ಟರು.

ಇಂಥ ಮನುಷ್ಯನಿಗೆ ಎಂಥ ಹೆಂಡತಿ ಸಿಗಬೇಕು ಹೇಳಿ? ಅತ್ತೆಯ ಮೂಗೂ ಸಾಮಾನ್ಯದ್ದಾಗಿರಲಿಲ್ಲ. ನಡುಮನೆಯಲ್ಲಿ ಕೂತು ಸೀರಿಯಲ್ ನೋಡುತ್ತಲೇ, "ಸಾರಿಗೆ ಉಪ್ಪು ಬಿದ್ದಿಲ್ಲ" ಎಂದು ಒಲೆಯ ಕಡೆ ತಿರುಗದೆ ಹೇಳುತ್ತಿದ್ದರು. ಅವರ ಒಗ್ಗರಣೆಯ ಘಮಕ್ಕೆ ಪಕ್ಕದ ಮನೆಯವರು ತಾವು ಊಟ ಮಾಡಿ ಆಗಿದ್ದರೂ ಇನ್ನೊಂದು ಸಲ ತಟ್ಟೆ ಹಾಕಿಕೊಳ್ಳುತ್ತಿದ್ದರಂತೆ. ಕೆಲವು ವರ್ಷಗಳ ಹಿಂದೆ ಊರಿಗೆಲ್ಲ ಬಂದ ಆ ಜ್ವರ ಅತ್ತೆಗೂ ಬಂತು. ಹೋಗುವಾಗ ಸುಮ್ಮನೆ ಹೋಗಲಿಲ್ಲ, ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಡಾಕ್ಟರು, "ವಾಪಸ್ ಬರಬಹುದು, ಬರದೇನೂ ಇರಬಹುದು" ಎಂದು ಹವಾಮಾನ ವರದಿ ಓದಿದರು. ಮಾವ ದಿನಾ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ ಹಿಡಿದು ಹೆಂಡತಿಯ ಮೂಗಿನ ಮುಂದೆ ನಿಂತರು. ಬರಲಿಲ್ಲ.

ಆಗ ನಡೆದದ್ದೇ ಆ ಐತಿಹಾಸಿಕ ಸಾರು. ಪಿಟೀಲಿನ ಕಮಾನಿಗೆ ಉಜ್ಜುವ ರಾಳ ನೋಡಿದ್ದೀರಾ? ಕಂದು ಬಣ್ಣದ ಗಟ್ಟಿ. ಗಟ್ಟಿ ಇಂಗನ್ನು ನೋಡಿದ್ದೀರಾ? ಅದೂ ಕಂದು ಬಣ್ಣದ ಗಟ್ಟಿ. ಎರಡೂ ಹಳೆಯ ತಗಡಿನ ಡಬ್ಬಿಗಳಲ್ಲಿ ಒಂದೇ ಶೆಲ್ಫಿನ ಮೇಲೆ ಇರುವ ಮನೆ ಬೆಂಗಳೂರಿನಲ್ಲಿ ಇದೊಂದೇ ಇರಬೇಕು! ಮೂಗಿದ್ದಾಗ ಅತ್ತೆಗೆ ಡಬ್ಬಿ ನೋಡುವ ಅಗತ್ಯವೇ ಇರಲಿಲ್ಲ. ಆ ಭಾನುವಾರ ಅವರು ಒಗ್ಗರಣೆಗೆ ರಾಳ ಹಾಕಿಬಿಟ್ಟರು. ಊಟಕ್ಕೆ ಕೂತಿದ್ದ ನನ್ನ ಬಾಯಿಗೆ ಹೊಸದಾಗಿ ವಾರ್ನಿಷ್ ಹೊಡೆದ ಕುರ್ಚಿಯನ್ನು ನೆಕ್ಕಿದ ಅನುಭವವಾಯಿತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮಾವ ಮೇಜಿನ ಕೆಳಗಿನಿಂದ ನನ್ನ ಕಾಲು ತುಳಿದರು. ತುಳಿದು, "ಇನ್ನೊಂದು ಸೌಟು ಬಡಿಸೇ, ಇವತ್ತು ಸಖತ್ತಾಗಿದೆ" ಎಂದರು! ಸಂಜೆ ಮಾವ ಪಿಟೀಲು ಹಿಡಿದಾಗ ರಾಳದ ಗಟ್ಟಿಯಲ್ಲಿ ಒಂದು ಮೂಲೆ ಕಾಣೆಯಾಗಿದ್ದನ್ನು ಅತ್ತೆಯೇ ಕಂಡುಹಿಡಿದರು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಆದರೆ ಮರುದಿನದಿಂದ ಒಗ್ಗರಣೆ ಸೌಟು ಮೇಲಿನ ಅಟ್ಟಕ್ಕೆ ಹೋಯಿತು. "ಬೇಯ್ಸಿ ಇಟ್ಟಿದ್ದೀನಿ, ತಿನ್ಕೊಳ್ಳಿ" ಅನ್ನುವುದೊಂದೇ ಅಡುಗೆಯಾಯಿತು. ಮಾವನಿಗೆ ನಾಲಗೆ ಸಪ್ಪೆಯಾದದ್ದು ದೊಡ್ಡ ದುಃಖವಲ್ಲ. ಆ ಸೌಟು ಅಟ್ಟದಿಂದ ಇಳಿಯಬೇಕು, ಹೆಂಡತಿ ಮತ್ತೆ ಒಲೆಯ ಮುಂದೆ ದೊರೆಯಂತೆ ನಿಲ್ಲಬೇಕು ಎನ್ನುವುದೊಂದೇ ಅವರ ಆಸೆಯಾಗಿತ್ತು.

ಹೀಗಿರುವಾಗ ಒಬ್ಬ ಹೊಸ ನಿರ್ದೇಶಕ ಬಂದ. ಕಣ್ಣು ಕಾಣದ ಅಡುಗೆಯವನೊಬ್ಬ ಬರೀ ವಾಸನೆಯಿಂದಲೇ ಅಡುಗೆ ಮಾಡುವ ಕಥೆ. "ಸಾರ್, ಆ ಒಗ್ಗರಣೆ ಸೀನಲ್ಲಿ ಒಂದು ಡೈಲಾಗೂ ಇಲ್ಲ. ಥಿಯೇಟರಲ್ಲಿ ಕೂತೋರ ಮೂಗಿಗೆ ಘಮ್ಮಂತ ಹೊಡೀಬೇಕು. ಗ್ರಾಫಿಕ್ಸಲ್ಲಿ ಆಗಲ್ಲ, ನೀವು ಮ್ಯೂಸಿಕ್ಕಲ್ಲಿ ಮಾಡಿ" ಎಂದ. ಇಡೀ ಜನ್ಮದಲ್ಲಿ ಮಾವನಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದ ಮೊದಲ ಮನುಷ್ಯ ಅವನೇ! ನಿರ್ಮಾಪಕರ ಷರತ್ತು ಮಾತ್ರ ಬಿಗಿಯಾಗಿತ್ತು. ಪೂರ್ತಿ ವಾದ್ಯವೃಂದಕ್ಕೆ ಒಂದೇ ಹಗಲು. ಅಷ್ಟರಲ್ಲಿ ವಾಸನೆ ಬರದಿದ್ದರೆ ಕೀಬೋರ್ಡಿನಲ್ಲಿ ಕುಟ್ಟಿ ಮುಗಿಸುವುದು.

ಮಾವ ಸಂಶೋಧನೆಗೆ ಇಳಿದರು. ಜಯನಗರ ನಾಲ್ಕನೇ ಬ್ಲಾಕಿನ ಕಾಫಿಪುಡಿ ಅಂಗಡಿಯ ಮುಂದೆ ಕಣ್ಣು ಮುಚ್ಚಿ ಕೈ ಬೀಸುತ್ತಾ ನಿಂತರು.

"ಸಾರ್, ಪುಡಿ ಎಷ್ಟು ಕಟ್ಲಿ?"

"ಪುಡಿ ಬೇಡಪ್ಪ, ಮಿಷನ್ ಓಡಿಸ್ತಾ ಇರು ಸಾಕು."

ಅಂಗಡಿಯವನು ಪೊಲೀಸರನ್ನು ಕರೆಯಲಿಲ್ಲ ಎನ್ನುವುದು ದಕ್ಷಿಣ ಬೆಂಗಳೂರಿನ ಸೌಜನ್ಯ. ಹೂವಿನವಳು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಮಾವ ಬುಟ್ಟಿಗೆ ಬಗ್ಗಿ ಮಲ್ಲಿಗೆಯನ್ನು ಉದ್ದಕ್ಕೆ ಮೂಸಿದ್ದೇ ತಡ, "ಅಂಕಲ್! ಮೂಸಿದ ಹೂವ ದೇವ್ರಿಗೆ ಹೆಂಗೆ ಏರ್ಸೋದು? ಅಷ್ಟೂ ನೀವೇ ತಗೊಂಡೋಗಿ!" ಎಂದು ಕಟ್ಟಿ ಕೈಗಿತ್ತಳು. ಮರುದಿನ ಸಂಪಿಗೆ, ಅದರ ಮರುದಿನ ಸುಗಂಧರಾಜ. ದೇವರಿಗೆ ಸಲ್ಲದ ಹೂವೆಲ್ಲ ಅತ್ತೆಯ ಮುಡಿಗೆ ಸಂದವು. "ಈ ವಯಸ್ಸಲ್ಲಿ ಇದೇನ್ರೀ, ನಂಗಂತೂ ವಾಸ್ನೇನೂ ಬರಲ್ಲ" ಎಂದು ಬೈಯುತ್ತಲೇ ಅತ್ತೆ ಮುಡಿದುಕೊಳ್ಳುತ್ತಿದ್ದರು, ಕನ್ನಡಿಯಲ್ಲಿ ಒಂದು ಸಲ ಹೆಚ್ಚಿಗೆ ನೋಡಿಕೊಳ್ಳುತ್ತಲೂ ಇದ್ದರು.

ರೆಕಾರ್ಡಿಂಗ್ ದಿನ ಬನಶಂಕರಿಯ ಸ್ಟುಡಿಯೋಗೆ ನಾನೂ ಹೋದೆ. ಮಾವ, ನೆಲಕ್ಕೆ ಊರಿ ನುಡಿಸುವ ದಪ್ಪ ದನಿಯ ದೊಡ್ಡ ಪಿಟೀಲಾದ ಸೆಲ್ಲೋದಿಂದ ಶುರು ಮಾಡಿ, ವಾದ್ಯಗಾರರಿಗೆ ಪಾತ್ರ ಹಂಚುತ್ತಿದ್ದರು.

"ಸೆಲ್ಲೋದವ್ರು ಎಣ್ಣೆ. ನಿಧಾನಕ್ಕೆ ಕಾಯ್ಬೇಕು. ವಯಲಿನ್ನವ್ರು ಸಾಸಿವೆ, ಕಮಾನು ಕೆಳಗಿಡಿ, ಬೆರಳಲ್ಲಿ ಮೀಟಿ, ಚಟಪಟ ಅನ್ಬೇಕು. ಕೊಳಲು ಕರಿಬೇವು."

"ಇಂಗು ಯಾರು ಸಾರ್?"

ಯಾರಿಗೆ ತಾನೆ ಇಂಗಾಗುವ ಆಸೆ ಇರುತ್ತದೆ? ಎಲ್ಲರೂ ತಮ್ಮ ತಮ್ಮ ವಾದ್ಯ ಒರೆಸತೊಡಗಿದರು. ಮಾವನ ಬೆರಳು ಮೂಲೆಯಲ್ಲಿದ್ದ ಶಹನಾಯಿಯ ಹಿರಿಯರ ಕಡೆ ತಿರುಗಿತು.

"ನಮ್ಮ ತಂದೆ ಕಾಲದಿಂದ ಮದುವೆ ಮಾಡ್ಸಿರೋ ವಾದ್ಯ ಗುರುಗಳೇ ಇದು! ಇಂಗು ಮಾಡ್ಬಿಟ್ರಲ್ಲಾ!"

"ಅಣ್ಣಾ, ಒಂದು ಚಿಟಿಕೆ ಬಂದ್ರೂ ಇಡೀ ಮನೇನ ಆಳೋದು ಅದೇ ಅಲ್ವಾ? ನೀವು ಮೂರು ಸ್ವರ ಊದಿ ಸಾಕು."

ಹಿರಿಯರ ಎದೆ ಉಬ್ಬಿತು. ನುಡಿಸಿದರು. ಚೆನ್ನಾಗಿಯೇ ಇತ್ತು. ನಿರ್ದೇಶಕ ಕಣ್ಣು ಮುಚ್ಚಿ ಕೇಳಿದ, ಕಣ್ಣು ತೆರೆದ. "ಸಾರ್, ಕೇಳ್ಸುತ್ತೆ. ಆದ್ರೆ ಮೂಗಿಗೆ ಬರ್ತಿಲ್ಲ." ಇನ್ನೊಮ್ಮೆ ನುಡಿಸಿದರು, ಮತ್ತೊಮ್ಮೆ ನುಡಿಸಿದರು. ಬರಲಿಲ್ಲ. ಮಧ್ಯಾಹ್ನ ಜಾರುತ್ತಿತ್ತು, ನಿರ್ಮಾಪಕರ ಕಡೆಯವರು ಗಡಿಯಾರ ನೋಡುತ್ತಿದ್ದರು. ಮಾವ ನನ್ನನ್ನು ಪಕ್ಕಕ್ಕೆ ಕರೆದು, "ಓಡೋಗಿ ನಿಮ್ಮತ್ತೇನ ಕರ್ಕೊಂಡು ಬಾ" ಎಂದರು.

"ಅತ್ತೇನಾ? ಅವ್ರಿಗೆ ಮೂಗೇ..."

"ಮೂಗಿರೋರೆಲ್ಲ ಹೇಳಿದ್ದಾಯ್ತಲ್ಲ. ಹೋಗೋ!"

ಆಟೋದಲ್ಲಿ ಅತ್ತೆ ಬಂದರು. ತಲೆಯಲ್ಲಿ ಸುಗಂಧರಾಜ. ಮುಂದಿನ ಕುರ್ಚಿಯಲ್ಲಿ ಕೂತು ಕೇಳಿದರು. ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು, ಸಂಕೋಚದಿಂದಲೇ ಶುರು ಮಾಡಿದರು. "ಸಂಗೀತ ನಂಗೊತ್ತಿಲ್ಲಪ್ಪ. ಆದ್ರೆ ಎಣ್ಣೆ ಕಾಯೋಕ್ಮುಂಚೆ ಸಾಸಿವೆ ಹಾಕ್ತಿದ್ದೀರಲ್ರೀ? ಆಮೇಲೆ ಸಿಡೀತಾ ಇರೋವಾಗ್ಲೇ ಇಂಗು ಸುರ್ದುಬಿಟ್ರಿ. ಅದು ಸಿಡ್ದು ಸುಮ್ನಾಗ್ಬೇಕು. ಉರಿ ಸಣ್ಣ ಮಾಡಿ, ಒಂದು ಉಸ್ರು ತಗೊಂಡು, ಆಮೇಲೆ ಇಂಗು."

ಮಾವ ಪೆನ್ಸಿಲ್ ತೆಗೆದು ಸ್ವರಗಳ ಹಾಳೆ ತಿದ್ದಿದರು. ಸೆಲ್ಲೋಗಳು ಈ ಸಲ ಸಾವಕಾಶವಾಗಿ ಕಾದವು. ಸಾಸಿವೆ ಸಿಡಿಯಿತು, ನಿಂತಿತು. ಮಾವ ಎತ್ತಿದ ಕೈ ಹಾಗೇ ಗಾಳಿಯಲ್ಲಿ ಇಟ್ಟರು. ಎಲ್ಲರೂ ಉಸಿರು ಹಿಡಿದ ಆ ಮೌನದೊಳಕ್ಕೆ ಶಹನಾಯಿಯ ಮೂರು ಸ್ವರ ಇಳಿದವು. ಅಯ್ಯೋ, ಏನು ಹೇಳಲಿ! ನನ್ನ ಬಾಯಲ್ಲಿ ನೀರೂರಿತು. ಕೊಳಲು ಕರಿಬೇವಾಗಿ ಮೇಲೇರುತ್ತಿದ್ದಾಗ, ಹಿಂದಿನ ಸಾಲಿನ ವಯಲಿನ್ ವಾದಕರೊಬ್ಬರ ಹೊಟ್ಟೆ ಮೈಕಿಗೆ ಕೇಳುವಷ್ಟು ಜೋರಾಗಿ ಗುಡುಗಿತು. ಟೇಕ್ ಹಾಳು! ನಿರ್ದೇಶಕ ಕುಣಿದಾಡಿಬಿಟ್ಟ. "ಬಂತು ಸಾರ್, ಬಂತು! ಮೊದ್ಲು ಎಲ್ರಿಗೂ ಊಟ ಹಾಕ್ಸಿ, ಆಮೇಲೆ ಇದನ್ನೇ ಇನ್ನೊಂದ್ಸಲ!"

ವಾಪಸು ಬರುವಾಗ ಆಟೋದಲ್ಲಿ ಅತ್ತೆಯನ್ನು ಕೇಳಿದೆ. "ವಾಸನೆ ಬಂತಾ ಅತ್ತೆ?"

"ಎಲ್ಲಿಂದ ಬರುತ್ತೋ?" ಅತ್ತೆ ರಸ್ತೆಯ ಕಡೆ ನೋಡುತ್ತಾ ಅಂದರು. "ಆದ್ರೆ ಹೆಂಗಿತ್ತು ಅಂತ ಜ್ಞಾಪಕಕ್ಕೆ ಬಂತು ಕಣೋ."

ಮುಂದಿನ ಭಾನುವಾರ ಗಿರಿನಗರದಿಂದ ಊಟಕ್ಕೆ ಕರೆ ಬಂತು. ಹೋದರೆ ಒಲೆಯ ಮೇಲೆ ಒಗ್ಗರಣೆ ಸೌಟು! ಅಟ್ಟದ ಧೂಳು ತೊಳೆದು ಫಳಫಳ ಹೊಳೆಯುತ್ತಿತ್ತು. ಒಲೆಯ ಪಕ್ಕದಲ್ಲಿ ಮಾವ, ಕೈಕಟ್ಟಿಕೊಂಡು, ಶಾಲೆಯ ಹುಡುಗನಂತೆ.

"ಹಾಡಿ" ಎಂದರು ಅತ್ತೆ.

ಮಾವ ಸೌಟಿಗೆ ಮೂಗು ಒಡ್ಡಿ, ಎಣ್ಣೆಯ ವಾಸನೆ ಹಿಡಿದು, ಮಂದ್ರದಲ್ಲಿ ಸೆಲ್ಲೋ ಗುನುಗತೊಡಗಿದರು. ಎಣ್ಣೆ ಕಾದಂತೆ ಸ್ವರ ಏರಿತು. ಅತ್ತೆ ಕಿವಿಗೊಟ್ಟು ನಿಂತಿದ್ದವರು ಸರಿಯಾದ ಜಾಗದಲ್ಲಿ ಸಾಸಿವೆ ಹಾಕಿದರು. ಸಿಡಿಯಿತು, ಸುಮ್ಮನಾಯಿತು. ಉರಿ ಸಣ್ಣಗಾಯಿತು. ಅತ್ತೆ ಡಬ್ಬಿ ತೆಗೆದು ಗಂಡನ ಮೂಗಿನ ಕೆಳಗೆ ಹಿಡಿದರು.

"ಇಂಗು ತಾನೆ? ರಾಳ ಅಲ್ವಲ್ಲ?"

ಮಾವ ತಲೆಯಾಡಿಸಿದರು. ಒಂದು ಚಿಟಿಕೆ ಬಿತ್ತು. ಎಷ್ಟೋ ಕಾಲದ ಮೇಲೆ ಆ ಮನೆ ತುಂಬ ಆ ಘಮ ಎದ್ದಿತು. ಈಗ ಶಹನಾಯಿಯ ಮೂರು ಸ್ವರ ಬರಬೇಕು. ಬರಲಿಲ್ಲ. ನೋಡಿದರೆ ನಮ್ಮ ಮಾವ, ಲೋಕದ ವಾಸನೆಗಳಿಗೆಲ್ಲ ಸ್ವರ ಹಾಕುವ ಮಹಾಶಯ, ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನನಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅತ್ತೆ ಸೌಟು ಹಿಡಿದೇ ಅವರ ಕಡೆ ತಿರುಗಿದರು.

"ರೀ, ನಿಲ್ಲಿಸ್ಬೇಡಿ. ನೀವು ನಿಲ್ಲಿಸಿದ್ರೆ ನಂಗೇನೂ ಗೊತ್ತಾಗಲ್ಲ, ಸೀದೋಗುತ್ತೆ. ಹಾಡಿ."